ಹೆದರಿದಾಗ ದೂಡಬೇಡ, ಎಳೆದುಕೋ!

ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಹಾರಬೇಕಾದರೆ ಗುಂಡಿಗೆ ಗಟ್ಟಿ ಇರಬೇಕು ಅಂತ ಎಲ್ಲರೂ ಹೇಳ್ತಾರೆ. ಆದರೆ ಹ್ಯಾಂಗ್ ಗ್ಲೈಡರ್ ಕಲಿಸುವ ಗುರುಗಳಿಗೆ, ಬರೀ ಗುಂಡಿಗೆ ನಂಬಿಕೊಂಡು ಬಂದ ಶಿಷ್ಯನೇ ದೊಡ್ಡ ತಲೆನೋವು. ಅಲ್ಲಿ ಮೊದಲ ಪಾಠ ಧೈರ್ಯದ್ದಲ್ಲ. ಹೆದರಿದ ಕೈ ತಾನಾಗಿ ಮಾಡುವ ಕೆಲಸವನ್ನು ಬಿಡಿಸುವ ಪಾಠ!

ಏನಿದು ಹ್ಯಾಂಗ್ ಗ್ಲೈಡರ್? ಅಲ್ಯೂಮಿನಿಯಂ ಕೊಳವೆಗಳು, ಮೇಲೆ ಬಿಗಿದ ಗಟ್ಟಿ ಬಟ್ಟೆ, ಎಳೆದು ಕಟ್ಟಿದ ಉಕ್ಕಿನ ತಂತಿ. ಅಷ್ಟೇ. ಇಂಜಿನ್ ಇಲ್ಲ, ಪೆಟ್ರೋಲ್ ಖರ್ಚೂ ಇಲ್ಲ. ಹಾರುವವನು ರೆಕ್ಕೆಯ ಕೆಳಗೆ ಪಟ್ಟಿಗಳ ಜೋಲಿಯಲ್ಲಿ ನೇತಾಡುತ್ತಾನೆ. ಕೈಯಲ್ಲಿ ತ್ರಿಕೋನದ ಕಂಬಿ. ತಕ್ಕಡಿ ಹಿಡಿದವರಿಗೆ ಇದರ ಲೆಕ್ಕ ಸುಲಭ. ಮೈ ಎಡಕ್ಕೆ ಸರಿದರೆ ಎಡ ರೆಕ್ಕೆ ತಗ್ಗುತ್ತದೆ, ಗ್ಲೈಡರ್ ಎಡಕ್ಕೆ ತಿರುಗುತ್ತದೆ. ಕಂಬಿಯನ್ನು ಹೊಟ್ಟೆಯ ಕಡೆ ಎಳೆದರೆ ಮೂಗು ತಗ್ಗಿ ವೇಗ ಏರುತ್ತದೆ. ಮುಂದಕ್ಕೆ ದೂಡಿದರೆ ಮೂಗು ಎದ್ದು ವೇಗ ಇಳಿಯುತ್ತದೆ.

ಎಡವಟ್ಟಾಗುವುದು ಇಲ್ಲೇ. ನೆಲ ಎದುರಿಗೆ ನುಗ್ಗಿ ಬರುವುದನ್ನು ಕಂಡ ಹೊಸಬ ಕಂಬಿಯನ್ನು ದೂಡಿಬಿಡುತ್ತಾನೆ. ಮೈಮೇಲೆ ಬರುವುದನ್ನು ಕೈಚಾಚಿ ತಡೆಯುವುದು ಮನುಷ್ಯನ ಸ್ವಭಾವ ತಾನೆ? ರೆಕ್ಕೆಗೆ ಮಾತ್ರ ಅದು ವಿಷ. ಮೂಗು ಮಿತಿಮೀರಿ ಎದ್ದು ವೇಗ ಸತ್ತರೆ, ರೆಕ್ಕೆಯ ಮೇಲೆ ಹರಿಯುವ ಗಾಳಿ ಚದುರಿ, ಎತ್ತಿ ಹಿಡಿಯುವ ಶಕ್ತಿ ಕುಸಿಯುತ್ತದೆ. ಇದಕ್ಕೆ ‘ಸ್ಟಾಲ್’ ಅಂತಾರೆ. ಆಗ ಉಳಿಯುವ ದಾರಿ ಒಂದೇ: ಕಂಬಿಯನ್ನು ಎಳೆದುಕೊಂಡು ವೇಗ ಪಡೆಯುವುದು. ಅದಕ್ಕೆ ಕೆಳಗೆ ಸಾಕಷ್ಟು ಎತ್ತರ ಉಳಿದಿರಬೇಕು, ಅಷ್ಟೆ.

2000 ಸಲ ಹಾರಿದವನ ಕಥೆ

ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಹೀಗೇ ಮೈ ತೂಗಾಡಿಸಿ ಹಾರಿದ ಆದಿಪುರುಷ. ಅಭ್ಯಾಸಕ್ಕೆಂದೇ ಬರ್ಲಿನ್ ಬಳಿ 1894ರಲ್ಲಿ ಒಂದು ಗುಡ್ಡವನ್ನೇ ಕಟ್ಟಿಸಿದ. ಸುಮಾರು 2000 ಸಲ ಹಾರಿದ. 1896ರ ಆಗಸ್ಟ್ 9ರಂದು ಗಾಳಿಯ ಹೊಡೆತಕ್ಕೆ ಗ್ಲೈಡರ್ ಮೂಗೆತ್ತಿ ಸ್ಟಾಲ್ ಆಯಿತು. ಸುಮಾರು 50 ಅಡಿ ಎತ್ತರದಿಂದ ಬಿದ್ದು, ಮರುದಿನ ತೀರಿಕೊಂಡ. ಅಂಥವನಿಗೇ ಈ ಗತಿ ಬಂದ ಮೇಲೆ, ಎರಡು ದಿನದ ಶಿಷ್ಯನ ಪಾಡೇನು?

ಅದಕ್ಕೇ ಬಿದ್ದರೂ ಪೆಟ್ಟಾಗದ ಜಾಗ ಹುಡುಕಬೇಕು. ಅಮೆರಿಕದ ನಾರ್ತ್ ಕೆರೊಲಿನಾ ಕರಾವಳಿಯಲ್ಲಿ ಜಾಕೀಸ್ ರಿಡ್ಜ್ ಎಂಬ ದೊಡ್ಡ ಮರಳು ದಿಬ್ಬವಿದೆ. ಅಲ್ಲಿ 1974ರಿಂದ ಹ್ಯಾಂಗ್ ಗ್ಲೈಡಿಂಗ್ ಶಾಲೆ. ಅಲ್ಲಿಂದ ಕೆಲವೇ ಮೈಲಿ ದೂರದ ಮರಳಿನಲ್ಲೇ ರೈಟ್ ಸಹೋದರರು 1900ರಿಂದ ಗ್ಲೈಡರ್ ಹಾರಿಸಿ ಕಲಿತದ್ದು. 1903ರಲ್ಲಿ ಇಂಜಿನ್ ಕೂರಿಸಿದ್ದು ಆಮೇಲಿನ ಮಾತು. 1948ರಲ್ಲಿ ಮನೆಯ ಕಿಟಕಿ ಪರದೆಯ ಬಟ್ಟೆಯಿಂದ ಮಡಚುವ ರೆಕ್ಕೆಯ ಮಾದರಿ ಮಾಡಿದ ಫ್ರಾನ್ಸಿಸ್ ರೊಗಾಲೊ ಕೂಡ ನಿವೃತ್ತಿಯ ನಂತರ ಅದೇ ದಿಬ್ಬದಲ್ಲಿ ಹಾರಿದರು. ಇಂದಿನ ಹ್ಯಾಂಗ್ ಗ್ಲೈಡರಿಗೆ ಆ ರೆಕ್ಕೆಯೇ ಮೂಲ.

ದಿಬ್ಬದ ಪಾಠ ಹೇಗೆ ಗೊತ್ತೆ? ಶಿಷ್ಯ ರೆಕ್ಕೆ ಹೊತ್ತು ಗಾಳಿಗೆ ಎದುರಾಗಿ ಓಡುತ್ತಾನೆ. ಗುರು ಹಗ್ಗ ಹಿಡಿದು ಪಕ್ಕದಲ್ಲೇ ಓಡುತ್ತಾ ಕೂಗುತ್ತಾನೆ. ಹಾರಾಟ ಕೆಲವೇ ಸೆಕೆಂಡು! ಆಮೇಲೆ ಇಪ್ಪತ್ತು-ಮೂವತ್ತು ಕಿಲೋ ರೆಕ್ಕೆಯೊಡನೆ ಕಾಲು ಹೂತುಹೋಗುವ ಮರಳು ತುಳಿಯುತ್ತ ಮತ್ತೆ ಮೇಲಕ್ಕೆ. ಹಾರಲು ಬಂದವನು ಹಮಾಲಿ ಮಾಡುವುದೇ ಹೆಚ್ಚು.

ಜಿಗಿಯುವ ಹಾಗಿಲ್ಲ. ರೆಕ್ಕೆ ತಾನಾಗಿ ಎತ್ತುವ ತನಕ ಓಡುತ್ತಲೇ ಇರಬೇಕು. ನೋಟವೂ ನೆಟ್ಟಗಿರಬೇಕು. ಸೈಕಲ್ ಕಲಿತವರಿಗೆ ಇದು ಗೊತ್ತು: ಚರಂಡಿ ನೋಡಿದರೆ ಸೈಕಲ್ಲು ಚರಂಡಿಗೇ! ಗ್ಲೈಡರೂ ಹಾಗೇ, ಪೊದೆ ನೋಡಿದರೆ ಪೊದೆಗೇ.

ದೂಡುವ ಕಾಲವೂ ಒಂದಿದೆ. ಅದು ಕಾಲು ನೆಲಕ್ಕೆ ಊರುವ ಹೊತ್ತು. ವೇಗ ಇಳಿದು ನೆಲ ಕೈಗೆಟುಕುವಷ್ಟು ಹತ್ತಿರ ಬಂದಾಗ ಕಂಬಿಯನ್ನು ಜೋರಾಗಿ ದೂಡಿದರೆ ರೆಕ್ಕೆಯೇ ಬ್ರೇಕ್ ಆಗಿ, ಬಸ್ಸಿಳಿದ ಹಾಗೆ ಎರಡು ಹೆಜ್ಜೆಗೆ ನಿಲ್ಲಬಹುದು. ಬೇಗ ದೂಡಿದರೆ ಮೇಲೆದ್ದು ದೊಪ್ಪನೆ ಬೀಳಬೇಕು. ತಡವಾದರೆ ಮೂಗು ಮಣ್ಣಿಗೆ. ಕೈ ಮಾಡುವ ಕೆಲಸ ಅದೇ, ಹೊತ್ತು ಮಾತ್ರ ಬೇರೆ.

ಕೊಕ್ಕೆ ಮರೆತರೆ?

ಪ್ರತಿ ಸಲ ಹಾರುವ ಮುನ್ನ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಒಬ್ಬ ಮೂಗು ಹಿಡಿದುಕೊಂಡಾಗ ಹಾರುವವನು ಜೋಲಿಯಲ್ಲಿ ಪೂರ್ತಿ ಮಲಗಿ, ಕೊಕ್ಕೆ ಸಿಕ್ಕಿದೆಯೋ ಇಲ್ಲವೋ ನೋಡಿಕೊಳ್ಳಬೇಕು. ಇಷ್ಟಕ್ಕೂ ಯಾರಾದರೂ ಮರೀತಾರಾ ಅಂತೀರಾ? 2018ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜೊತೆ ಹಾರಾಟಕ್ಕೆ ಬಂದ ಪ್ರವಾಸಿಯೊಬ್ಬನ ಕೊಕ್ಕೆ ಸಿಕ್ಕಿಸುವುದನ್ನು ಪಳಗಿದ ಪೈಲಟ್ಟೇ ಮರೆತ! ಆ ಪ್ರವಾಸಿ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಕೈಬಲದಿಂದಲೇ ಜೋತಾಡಿ, ಮಣಿಕಟ್ಟು ಮುರಿದುಕೊಂಡು ಬದುಕಿದ. ಮರೆತವನು ಶಿಷ್ಯನಲ್ಲ, ಬಲ್ಲವನು ಎಂಬುದನ್ನು ಗಮನಿಸಿ.

ಹಳಬರು ಹೆದರುವುದೂ ಮೊದಲ ದಿನದವನಿಗಲ್ಲ. ಅವನು ಹೇಳಿದ ಮಾತು ಕೇಳುತ್ತಾನೆ. ನಾಲ್ಕಾರು ಸಲ ಚೆನ್ನಾಗಿ ಇಳಿದು, ‘ಇನ್ನೇನು, ಬಂತು’ ಅಂದುಕೊಂಡವನೇ ದೊಡ್ಡ ಗುಡ್ಡಕ್ಕೆ ಅವಸರ ಮಾಡುತ್ತಾನೆ, ಗಾಳಿ ಸರಿಯಿಲ್ಲದ ದಿನವೂ ಹೊರಡುತ್ತಾನೆ. ರೆಕ್ಕೆ ಮಡಚಿ ಚೀಲಕ್ಕೆ ಹಾಕಿ, ‘ಇವತ್ತು ಬೇಡ’ ಎಂದು ಗುಡ್ಡ ಇಳಿದು ಬರಲು ಕಲಿತವನಷ್ಟೇ ನಾಳೆಯ ಹಾರಾಟಕ್ಕೂ ಉಳಿದಿರುತ್ತಾನೆ.