ಮರಿಯ ಮೊದಲ ಎಂಟು ವಾರ

ಬೀದಿನಾಯಿಗಳ ಕಾಟದ ಮಾತು ಬಂದರೆ ಎಲ್ಲ ಊರುಗಳಲ್ಲೂ ಮೊದಲು ಕೇಳಿಬರುವುದು ಒಂದೇ ಬೇಡಿಕೆ: ಹಿಡಿದು ದೂರ ಬಿಟ್ಟು ಬನ್ನಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯವರು ದೂರ ಬಿಡುವುದಾದರೂ ಎಲ್ಲಿಗೆ? ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಕಾಡೆಂದರೆ ಅದು 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮ. ಸುಮಾರು 135 ಚದರ ಕಿಲೋಮೀಟರಿನ ಆ ಕಾಡಿನಲ್ಲಿ ತೋಳ, ನರಿ, ಕತ್ತೆಕಿರುಬಗಳಿವೆ. ನಾಯಿಗೆ ಬರುವ ರೇಬೀಸ್ ಮತ್ತು ಡಿಸ್ಟೆಂಪರ್ ರೋಗಗಳು ಈ ಮೂರಕ್ಕೂ ತಗಲುತ್ತವೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಪತ್ತೆಯಾದದ್ದು ಇದೇ ಡಿಸ್ಟೆಂಪರ್ ವೈರಸ್. ಊರಿನ ತೊಂದರೆಯನ್ನು ಕಾಡಿಗೆ ಸಾಗಿಸಿದರೆ ಎರಡೂ ಕಡೆ ಕೆಡುತ್ತದೆ.

ಸಾಗಿಸಿದ ಮೇಲೆ ಊರಾದರೂ ಖಾಲಿಯಾಗುತ್ತದೆಯೇ? ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು 95 ಸೂಲುಗಳ 364 ಬೀದಿ ಮರಿಗಳನ್ನು ಹಿಂಬಾಲಿಸಿ ನೋಡಿದಾಗ, ಸಂತಾನೋತ್ಪತ್ತಿಯ ವಯಸ್ಸಿನವರೆಗೆ ಬದುಕಿದ್ದು ಶೇ. 19ರಷ್ಟು ಮಾತ್ರ. ಸತ್ತವುಗಳಲ್ಲಿ ಶೇ. 63ರ ಸಾವಿಗೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯನೇ ಕಾರಣನಾಗಿದ್ದ. ಹತ್ತರಲ್ಲಿ ಎಂಟು ಮರಿ ಸಾಯುವ ಬದುಕು ಅದು. ಆ ಸಾವಿನ ಸಂಕಟ ಒಂದು ಕಡೆ. ನಾಯಿಗಳ ಸಂಖ್ಯೆ ಏಕೆ ಇಳಿಯುವುದಿಲ್ಲ ಎಂಬುದಕ್ಕೆ ಉತ್ತರವೂ ಅದರಲ್ಲೇ ಇದೆ. ದೊಡ್ಡ ನಾಲ್ಕು ನಾಯಿಗಳನ್ನು ಎತ್ತಿಕೊಂಡು ಹೋದರೆ ಅವು ತಿನ್ನುತ್ತಿದ್ದ ಮಾಂಸದಂಗಡಿಯ ತ್ಯಾಜ್ಯ, ಹೋಟೆಲಿನ ಎಂಜಲು ಅಲ್ಲೇ ಉಳಿಯುತ್ತದೆ. ಸಾಯಬೇಕಿದ್ದ ಮರಿಗಳಲ್ಲಿ ಇನ್ನಷ್ಟು ಉಳಿದುಕೊಳ್ಳುತ್ತವೆ, ಪಕ್ಕದ ಓಣಿಯ ನಾಯಿಗಳೂ ಬಂದು ಸೇರುತ್ತವೆ. ಹೆಣ್ಣುನಾಯಿ ಗಬ್ಬ ಕಟ್ಟಿದ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಹಿಡಿಯುವ ಗಾಡಿಗೆ ಆ ವೇಗವಿಲ್ಲ.

ಹಾಗಾದರೆ ಎಲ್ಲಿ, ಯಾವುದು ಫಲ ಕೊಟ್ಟಿದೆ? ಜೈಪುರದಲ್ಲಿ 1994ರಿಂದ ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ತಂದು ಬಿಡುತ್ತಾ ಬಂದರು. ಎಂಟು ವರ್ಷಗಳಲ್ಲಿ ಹೆಣ್ಣುನಾಯಿಗಳ ಪೈಕಿ ಶೇ. 65ರಷ್ಟಕ್ಕೆ ಚಿಕಿತ್ಸೆಯಾಗಿ, ಒಟ್ಟು ಸಂಖ್ಯೆ ಶೇ. 28ರಷ್ಟು ಇಳಿಯಿತು. ನಮ್ಮ ಬೆಂಗಳೂರಿನಲ್ಲೇ 2019ರಲ್ಲಿ ಸುಮಾರು 3.10 ಲಕ್ಷವಿದ್ದ ಬೀದಿನಾಯಿಗಳು 2023ರ ಗಣತಿಯಲ್ಲಿ 2.79 ಲಕ್ಷಕ್ಕೆ ಬಂದವು, ಚಿಕಿತ್ಸೆಯಾದವು ಶೇ. 70 ದಾಟಿದ್ದವು. ಗೋವಾ 2013ರಿಂದ ಲಸಿಕೆಗೇ ಒತ್ತು ಕೊಟ್ಟು, ಬಲೆ ಹಿಡಿದು ಬೀದಿ ಬೀದಿ ತಿರುಗಿ, 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿಕೊಂಡಿತು. ಮನುಷ್ಯರಿಗೆ ಬರುವ ರೇಬೀಸಿನಲ್ಲಿ ಶೇ. 99ರವರೆಗೆ ನಾಯಿಯಿಂದಲೇ ಬರುವಂಥದ್ದು. ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಲಸಿಕೆ ಬಿದ್ದರೆ ರೋಗದ ಸರಪಳಿ ತುಂಡಾಗುತ್ತದೆ. ಸಣ್ಣ ಪುರಸಭೆಗೆ ಹಣವೆಲ್ಲಿ ಎಂದು ಕೇಳುವವರು ಇದನ್ನು ಗಮನಿಸಬೇಕು: ಶಸ್ತ್ರಚಿಕಿತ್ಸೆಗೆ ಕಟ್ಟಡ, ವೈದ್ಯರು, ಆರೈಕೆಯ ಗೂಡುಗಳು ಬೇಕು; ಲಸಿಕೆಗೆ ಅಷ್ಟು ಬೇಡ. ಮೊದಲ ವರ್ಷವೇ ಲಸಿಕೆಯಿಂದ ಶುರು ಮಾಡಲು ಯಾವ ಅಡ್ಡಿಯೂ ಇಲ್ಲ.

ಚಿಕಿತ್ಸೆಯಾದ ನಾಯಿ ಕಚ್ಚುವುದಿಲ್ಲವೇ ಎಂಬುದು ನ್ಯಾಯವಾದ ಪ್ರಶ್ನೆ. ಕಚ್ಚಬಹುದು, ಹಲ್ಲು ಎಲ್ಲೂ ಹೋಗಿರುವುದಿಲ್ಲ. ಆದರೆ ಬೆದೆಯ ಕಾಲದ ಕಚ್ಚಾಟ, ಮರಿ ಕಾಯುವ ತಾಯಿಯ ಆವೇಶ ತಗ್ಗುತ್ತದೆ. ಜೈಪುರದಲ್ಲಿ ಕಡಿತದ ಪ್ರಕರಣಗಳೂ ಇಳಿದವು. ಮಗುವಿನ ಮುಖಕ್ಕೆ ಹಲ್ಲು ತಾಗಿದ ತಂದೆತಾಯಿಗೆ ಅಂಕಿಅಂಶದಿಂದ ಸಮಾಧಾನವಾಗದು, ಆಗಲೂಬೇಕಿಲ್ಲ. ಅದಕ್ಕೇ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು, ಚಿಕಿತ್ಸೆ ಮತ್ತು ಲಸಿಕೆಯಾದ ನಾಯಿಗಳನ್ನು ಅದೇ ಜಾಗಕ್ಕೆ ಬಿಡಿ ಎನ್ನುವಾಗ ರೇಬೀಸ್ ತಗಲಿದವನ್ನೂ ಮೈಮೇಲೆ ಬೀಳುವಂಥವನ್ನೂ ಹೊರಗಿಟ್ಟಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆದು ಆಶ್ರಯತಾಣಕ್ಕೆ ಸಾಗಿಸಲು ಆದೇಶಿಸಿತು. ವಾಡಿಯಂಥ ಜಂಕ್ಷನ್ನಿಗೂ ಇದು ಅನ್ವಯಿಸುತ್ತದೆ. ಆದರೆ ನಿಲ್ದಾಣದ ಎಂಜಲನ್ನು ಮುಚ್ಚದಿದ್ದರೆ ತೆರವಾದ ಜಾಗಕ್ಕೆ ಹೊಸ ನಾಯಿ ಬರುವುದು ನಿಶ್ಚಿತ.

ಇಷ್ಟೆಲ್ಲ ಮಾಡುವಾಗ ಮರಿ ಮಾರುವ ವ್ಯಾಪಾರದ ಮೇಲೆ ನಮ್ಮ ಕಣ್ಣು ಬೀಳುವುದೇ ಇಲ್ಲ. ತಳಿನಾಯಿಗೂ ಬೀದಿನಾಯಿಗೂ ಸಂಬಂಧವೇನು ಎನ್ನುವವರು ಒಂದು ಮರಿಯ ಮೈಯೊಳಗೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣುಹಾಲಿನಿಂದ ಮರಿಗೆ ತಾಯಿಯ ಪ್ರತಿಕಾಯಗಳು ಸಿಗುತ್ತವೆ. ಅವು ವಾರದಿಂದ ವಾರಕ್ಕೆ ಕರಗುತ್ತವೆ. ನಡುವೆ ಒಂದು ಇಕ್ಕಟ್ಟಿನ ಕಾಲ ಬರುತ್ತದೆ: ಉಳಿದ ಪ್ರತಿಕಾಯ ರೋಗ ತಡೆಯಲು ಸಾಲದು, ಹಾಕಿದ ಲಸಿಕೆಯನ್ನು ನಿಷ್ಫಲ ಮಾಡಲು ಮಾತ್ರ ಸಾಕು. ಆದ್ದರಿಂದಲೇ ಆರರಿಂದ ಎಂಟನೆಯ ವಾರಕ್ಕೆ ಆರಂಭಿಸಿದ ಲಸಿಕೆಯನ್ನು ಹದಿನಾರನೆಯ ವಾರದವರೆಗೆ ಮತ್ತೆ ಮತ್ತೆ ಹಾಕಿಸಬೇಕು. ಮಾರುವವರು ಮುದ್ದು ಹೆಚ್ಚಿರುವಾಗಲೇ, ಅಂದರೆ ಮೂವತ್ತು ದಿನಕ್ಕೆಲ್ಲ, ಮರಿಯನ್ನು ತಾಯಿಯಿಂದ ಕಿತ್ತು, ಹತ್ತು ಕಡೆಯ ಮರಿಗಳ ಜೊತೆ ಒಂದೇ ಗೂಡಿಗೆ ತುಂಬಿದರೆ ಪಾರ್ವೊ ವೈರಸ್ಸಿಗೆ ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಸೋಂಕು ತಗಲಿ ಮೂರರಿಂದ ಏಳು ದಿನ ಮರಿ ಲವಲವಿಕೆಯಿಂದಲೇ ಇರುತ್ತದೆ. ಮನೆಗೆ ತಂದ ಮೇಲೆ ವಾಂತಿ, ರಕ್ತಭೇದಿ. ದುಡ್ಡು ಕೈಸೇರಿದ ಮಾರಾಟಗಾರನಿಗೆ ಅದರ ಗೊಡವೆಯಿಲ್ಲ.

ಬದುಕಿದ ಮರಿಯದೂ ಬೇರೆ ಕಥೆ. ಒಡಹುಟ್ಟಿದವುಗಳ ಜೊತೆ ಆಡುವಾಗ ಜೋರಾಗಿ ಕಚ್ಚಿದರೆ ಎದುರಿನ ಮರಿ ಕುಂಯ್‌ಗುಟ್ಟಿ ಆಟ ಬಿಟ್ಟುಬಿಡುತ್ತದೆ. ಹಲ್ಲಿನ ಬಿಗಿ ಎಷ್ಟಿರಬೇಕೆಂದು ಮರಿ ಕಲಿಯುವುದು ಹೀಗೆ. 30ರಿಂದ 40 ದಿನಕ್ಕೇ ಬೇರ್ಪಟ್ಟ ನಾಯಿಗಳನ್ನು 60 ದಿನ ತಾಯಿಯೊಡನಿದ್ದವುಗಳ ಜೊತೆ ಹೋಲಿಸಿದ ಇಟಲಿಯ ಅಧ್ಯಯನದಲ್ಲಿ, ಬೇಗ ಬೇರ್ಪಟ್ಟವುಗಳಲ್ಲಿ ಅಂಜಿಕೆ, ವಿಪರೀತ ಬೊಗಳಾಟ, ವಸ್ತು ಹಾಳುಮಾಡುವ ಚಾಳಿ ಹೆಚ್ಚು ಕಂಡವು. ಇಂಥ ನಾಯಿಯಿಂದ ಬೇಸತ್ತ ಮನೆಯವರು ಅದನ್ನು ಊರ ಹೊರಗೆ ಬಿಟ್ಟು ಬಂದರೆ ಬೀದಿಗೆ ಲಸಿಕೆಯಿಲ್ಲದ, ಸಂತಾನಹರಣವಾಗದ ಇನ್ನೊಂದು ನಾಯಿ ಸೇರಿತು. ಶಸ್ತ್ರಚಿಕಿತ್ಸೆಯ ಲೆಕ್ಕ ಅಷ್ಟರಮಟ್ಟಿಗೆ ಹಿಂದೆ ಬಿತ್ತು.

ಬಡವರ ಉಪಜೀವನಕ್ಕೆ ಕಲ್ಲು ಹಾಕುವುದೇಕೆ ಎಂಬ ಆಕ್ಷೇಪವೂ ಇದೆ. ಯಾರೂ ನಾಯಿ ಸಾಕಿ ಮಾರಬಾರದೆಂದು ಕಾನೂನು ಹೇಳಿಲ್ಲ. 2017ರ ಕೇಂದ್ರದ ನಿಯಮ ಕೇಳುವುದು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ, ಎಂಟು ವಾರ ತುಂಬದ ಮರಿಯನ್ನು ಮಾರದಿರುವುದು, ಒಂದು ಹೆಣ್ಣುನಾಯಿಯಿಂದ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಪಡೆಯದಿರುವುದು. ಇದರಲ್ಲಿ ಯಾವುದೂ ಅಸಾಧ್ಯವಲ್ಲ. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಸೇರಿದ, ಮುಧೋಳ ಬಳಿಯ ತಿಮ್ಮಾಪುರದ ಕೇಂದ್ರ ಮುಧೋಳ ತಳಿಯ ಮರಿಗಳನ್ನು ಸಾಕಿ ರೈತರಿಗೆ ಕೊಡುತ್ತಿರುವುದೂ ನಮ್ಮ ಕಣ್ಣ ಮುಂದಿದೆ.

ಮರಿ ಬೇಕೆನ್ನುವವರು ಮೊದಲು ನಿಮ್ಮ ಓಣಿಯ ಬೀದಿ ಮರಿಯನ್ನು ನೋಡಿ. ಎಂಟು ವಾರ ತಾಯಿಯ ಬಳಿಯೇ ಇರಲು ಬಿಟ್ಟು, ಆಮೇಲೆ ತಂದು ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿ. ಕೊಳ್ಳಲೇಬೇಕಿದ್ದರೆ ತಾಯಿನಾಯಿಯನ್ನೂ ಲಸಿಕೆಯ ಕಾರ್ಡನ್ನೂ ನೋಂದಣಿ ಪತ್ರವನ್ನೂ ತೋರಿಸಿ ಎಂದು ಕೇಳಿ. ಮೂರರಲ್ಲಿ ಒಂದಿಲ್ಲದಿದ್ದರೂ ಕೊಳ್ಳಬೇಡಿ. ಮರಿಯೇ ಕಚ್ಚಿದ್ದಾದರೂ ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ನೀರಿನಲ್ಲಿ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿಗೆ ಔಷಧವಿಲ್ಲ.