ಓಲಾಡುವ ಅಚ್ಚಿನ ದೋಷವೂ ಅದರ ಪರಿಹಾರವೂ

ತಿರುವಿನಲ್ಲಿ ಮಗುಚಿದ ಕಾರನ್ನು ಕಂಡಾಗ ಚಾಲಕನ ಅಜಾಗರೂಕತೆಯೇ ಅದಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ಅನೇಕ ವೇಳೆ ಅದು ನಿಜವೂ ಹೌದು. ಆದರೆ ಹಿಂದಿನ ಗಾಲಿಗಳನ್ನು ಒಡಲಿಗೆ ಜೋಡಿಸಿರುವ ಕ್ರಮದಲ್ಲಿಯೇ ರೇಖಾಗಣಿತದ ದೋಷವೊಂದಿದ್ದರೆ ಎಚ್ಚರಿಕೆಯುಳ್ಳ ಚಾಲಕನೂ ಅಪಾಯಕ್ಕೆ ಈಡಾಗಬಹುದು. ಅಂತಹ ಒಂದು ದೋಷವನ್ನೂ, ಕಾರು ಕಾರ್ಖಾನೆಯಿಂದ ಹೊರಬಂದ ಮೇಲೆ ಅದನ್ನು ತಿದ್ದಲು ಬಳಕೆಗೆ ಬಂದ ಉಪಾಯಗಳನ್ನೂ ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಇಂಗ್ಲೆಂಡಿನಲ್ಲಿ ೧೯೬೨ರಲ್ಲಿ ಹೊರಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸಣ್ಣ ಸ್ಪೋರ್ಟ್ಸ್ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಡಿಫರೆನ್ಷಿಯಲ್ಲು ಚಾಸಿಸ್ಸಿಗೆ ಬಿಗಿಯಲ್ಪಟ್ಟಿದೆ. ಅದರ ಎರಡು ಪಕ್ಕಗಳಿಂದಲೂ ಒಂದೊಂದು ಅರೆ ಅಚ್ಚು ಹೊರಡುತ್ತದೆ. ಪ್ರತಿಯೊಂದಕ್ಕೂ ಒಳತುದಿಯಲ್ಲಿ ಮಾತ್ರ ಒಂದು ಕೀಲು. ಹೊರತುದಿಯಲ್ಲಿ ಗಾಲಿಯು ಅಚ್ಚಿಗೆ ಲಂಬವಾಗಿ ನಿಂತಿರುತ್ತದೆ. ಇದಕ್ಕೆ ಸ್ವಿಂಗ್ ಆಕ್ಸಲ್, ಎಂದರೆ ಓಲಾಡುವ ಅಚ್ಚು, ಎಂದು ಹೆಸರು. ಫೋಕ್ಸ್‌ವ್ಯಾಗನ್ ಬೀಟಲ್, ಪೋರ್ಷೆ ೩೫೬, ೧೯೬೦ರ ಷೆವ್ರೊಲೆ ಕಾರ್ವೇರ್ ಮೊದಲಾದ ಕಾರುಗಳಲ್ಲಿಯೂ ಇದೇ ತತ್ತ್ವವನ್ನು ಅನುಸರಿಸಲಾಗಿತ್ತು. ಒಂದು ಗಾಲಿ ಹಳ್ಳಕ್ಕಿಳಿದರೆ ಇನ್ನೊಂದು ಅಲುಗದಿರುವುದು ಇದರ ಗುಣ, ತಯಾರಿಕೆಯೂ ಸುಲಭ.

ಇದರ ದೋಷವನ್ನು ತಿಳಿಯಲು ಲೆಕ್ಕಕ್ಕೆ ಅನುಕೂಲವಾದ ಕೆಲವು ಅಂಕಗಳನ್ನು ಊಹಿಸಿಕೊಳ್ಳೋಣ. ಗಾಲಿಯ ತ್ರಿಜ್ಯ ೩೦೦ ಮಿ.ಮೀ., ನೆಲದಿಂದ ಕೀಲಿನ ಎತ್ತರ ೩೦೦ ಮಿ.ಮೀ., ಕೀಲಿನಿಂದ ಗಾಲಿಗೆ ಇರುವ ದೂರ ೫೦೦ ಮಿ.ಮೀ. ಎಂದಿರಲಿ. ಕಾರು ತಿರುಗುವಾಗ ನೆಲವು ಟೈರುಗಳನ್ನು ತಿರುವಿನ ಒಳಗಡೆಗೆ ತಳ್ಳುತ್ತದೆ. ಈ ಪಾರ್ಶ್ವಬಲವು ಕೀಲಿಗಿಂತ ಕೆಳಗೆ ವರ್ತಿಸುವುದರಿಂದ ಹೊರಗಾಲಿಯಲ್ಲಿ ಅದು ಒಡಲನ್ನು ಮೇಲಕ್ಕೆತ್ತಲು ಯತ್ನಿಸುತ್ತದೆ. ಎತ್ತುವ ಬಲವು ಪಾರ್ಶ್ವಬಲದ ೩೦೦/೫೦೦, ಅಂದರೆ ೦.೬ ಪಾಲು. ಹೊರಗಾಲಿಯ ಪಾರ್ಶ್ವಬಲ ೩೦೦೦ ನ್ಯೂಟನ್ ಆದರೆ ಎತ್ತುವ ಬಲ ೧೮೦೦ ನ್ಯೂಟನ್. ಒಳಗಾಲಿಯಲ್ಲಿ ಪರಿಣಾಮವು ವಿರುದ್ಧ ದಿಕ್ಕಿನದು. ಆದರೆ ಅದರ ಮೇಲಿನ ಭಾರ ಕಡಿಮೆಯಾದುದರಿಂದ ಪಾರ್ಶ್ವಬಲವೂ ಕಡಿಮೆ. ಅದು ೧೦೦೦ ನ್ಯೂಟನ್ ಆದರೆ ೬೦೦ ನ್ಯೂಟನ್ನಿನಷ್ಟು ಕೆಳಕ್ಕೆಳೆಯುತ್ತದೆ. ಉಳಿದ ೧೨೦೦ ನ್ಯೂಟನ್ ಕಾರಿನ ಹಿಂಭಾಗವನ್ನು ಎತ್ತುತ್ತದೆ.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಒಡಲು ೫೦ ಮಿ.ಮೀ. ಮೇಲೆದ್ದಿತೆನ್ನೋಣ. ಆಗ ಅಚ್ಚು ಹೊರಕ್ಕೆ ಇಳಿಜಾರಾಗಿ, ಗಾಲಿಯ ತಲೆ ಸುಮಾರು ೫.೭ ಡಿಗ್ರಿಗಳಷ್ಟು ಹೊರಗೆ ವಾಲುತ್ತದೆ. ಅದರ ಬುಡ ಕಾರಿನ ಕೆಳಗೆ ಸರಿಯುತ್ತದೆ. ಹೀಗೆ ಓರೆಯಾದ ಟೈರಿನ ಹಿಡಿತ ಕುಗ್ಗುತ್ತದೆ. ಅದಲ್ಲದೆ ಕೀಲು ಎತ್ತರಕ್ಕೇರಿ, ಟೈರು ಒಳಸರಿದುದರಿಂದ ಮೊದಲು ೦.೬ ಆಗಿದ್ದ ಪ್ರಮಾಣವು ಸುಮಾರು ೦.೭೫ಕ್ಕೆ ಏರುತ್ತದೆ. ಪರಿಣಾಮವೇ ಕಾರಣವನ್ನು ಬಲಪಡಿಸುವ ಈ ಸ್ಥಿತಿಯೇ ಅಪಾಯದ ಮೂಲ. ಭಯಗೊಂಡ ಚಾಲಕನು ತಿರುವಿನ ನಡುವೆ ವೇಗವರ್ಧಕದಿಂದ ಕಾಲು ತೆಗೆದರೆ ಭಾರವು ಮುಂದಕ್ಕೆ ಸರಿದು ಹಿಂಭಾಗ ಇನ್ನೂ ಏಳುತ್ತದೆ. ಸ್ವಭಾವತಃ ರಕ್ಷಣೆಗೆಂದು ಮಾಡಿದ ಕಾರ್ಯವೇ ಅನರ್ಥಕ್ಕೆ ಹೇತುವಾಗುವುದು.

ಪರಿಹಾರಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು, ಹಿಂಭಾಗವನ್ನು ತಗ್ಗಿಸುವುದು. ಇದರಿಂದ ಕೀಲು ಕೆಳಗಿಳಿಯುತ್ತದೆ, ಗಾಲಿಯ ತಲೆಯೂ ಮೊದಲೇ ಒಳಗೆ ವಾಲಿರುತ್ತದೆ. ಇದು ಸುಲಭವಾದರೂ ಅಪೂರ್ಣ. ದೋಷವು ತಡವಾಗಿ ಕಾಣಿಸಿಕೊಳ್ಳುವುದೇ ಹೊರತು ನಿರ್ಮೂಲವಾಗುವುದಿಲ್ಲ.

ಎರಡನೆಯದು, ಅಮೆರಿಕದ ಎಂಪಿ ಸಂಸ್ಥೆಯವರು ಫೋಕ್ಸ್‌ವ್ಯಾಗನ್ ಕಾರುಗಳಿಗಾಗಿ ಮಾರಿದ ಕ್ಯಾಂಬರ್ ಕಾಂಪೆನ್ಸೇಟರ್ ಎಂಬ ಸಾಧನದ ತತ್ತ್ವ. ಅಡ್ಡಲಾಗಿ ಇರಿಸಿದ ಪಟ್ಟಿ ಸ್ಪ್ರಿಂಗಿನ ನಡುಭಾಗವನ್ನು ಗೇರುಪೆಟ್ಟಿಗೆಯ ಕೆಳಗೆ ಕೀಲಿನ ಮೇಲೆ ನಿಲ್ಲಿಸಿ, ತುದಿಗಳನ್ನು ಎರಡು ಅಚ್ಚುಗಳ ಅಡಿಗೆ ತಾಗಿಸುತ್ತಾರೆ. ಒಂದು ಗಾಲಿ ಏರಿ ಇನ್ನೊಂದು ಇಳಿದಾಗ ಅದು ತಕ್ಕಡಿಯ ದಂಡದಂತೆ ಹೊರಳುತ್ತದೆ. ಎರಡೂ ಒಟ್ಟಿಗೆ ಇಳಿಯಲೆತ್ನಿಸಿದರೆ ತಡೆಯುತ್ತದೆ. ಸ್ಪಿಟ್‌ಫೈರ್ ತಯಾರಕರು ೧೯೭೦ರ ನಾಲ್ಕನೆಯ ಮಾದರಿಯಲ್ಲಿ, ಪಟ್ಟಿಗಳಲ್ಲಿ ಹೆಚ್ಚಿನವು ಡಿಫರೆನ್ಷಿಯಲ್ಲಿನ ಮೇಲೆ ಹೊರಳುವಂತೆ ಏರ್ಪಡಿಸಿದುದು ಇದಕ್ಕೆ ಸಮೀಪದ ಉಪಾಯ. ಹಳೆಯ ಮಾದರಿಗಳ ಒಡೆಯರು ಈ ಸ್ಪ್ರಿಂಗನ್ನೇ ತಂದು ಜೋಡಿಸಿಕೊಳ್ಳುವುದುಂಟು.

ಮೂರನೆಯದು, ಹೊರತುದಿಗೂ ಒಂದು ಕೀಲನ್ನಿತ್ತು, ಗಾಲಿಯನ್ನು ಕೆಳಗಿನಿಂದ ಬೇರೊಂದು ತೋಳಿನಿಂದ ಹಿಡಿಯುವುದು. ಸ್ಪಿಟ್‌ಫೈರಿನ ಸೋದರ ಕಾರಾದ ಜಿಟಿ೬ರ ೧೯೬೮ರ ಮಾದರಿಯೂ, ೧೯೬೫ರ ಕಾರ್ವೇರೂ ಈ ಮಾರ್ಗವನ್ನು ಹಿಡಿದುವು. ಇದು ಸಮರ್ಪಕವಾದರೂ ವೆಚ್ಚ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೊರಳುವ ಸ್ಪ್ರಿಂಗನ್ನು ಹಾಕಿದರೆ ಒಡಲು ಪಕ್ಕಕ್ಕೆ ವಾಲುವುದನ್ನು ತಡೆಯುವ ಶಕ್ತಿ ಹಿಂಭಾಗದಲ್ಲಿ ಕುಗ್ಗುತ್ತದೆ. ಆದುದರಿಂದ ಮುಂಭಾಗದ ವಾಲುತಡೆ ದಂಡವನ್ನು ದಪ್ಪವಾಗಿಸಬೇಕಾಗುತ್ತದೆ. ಒಂದು ತುದಿಯನ್ನು ತಿದ್ದಿ ಇನ್ನೊಂದನ್ನು ಮರೆತವನು ದೋಷವನ್ನು ಸ್ಥಳಾಂತರಿಸಿದಂತಾಗುತ್ತದೆ.

ರಾಲ್ಫ್ ನೇಡರ್ ಅವರು ೧೯೬೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾರ್ವೇರನ್ನು ಕಟುವಾಗಿ ಟೀಕಿಸಿದರು. ಅಮೆರಿಕದ ಸರ್ಕಾರದ ಪರೀಕ್ಷೆಯಾದರೋ, ಆ ಕಾರು ಸಮಕಾಲೀನ ಕಾರುಗಳಿಗಿಂತ ಹೆಚ್ಚು ಅಪಾಯಕರವಲ್ಲವೆಂದು ೧೯೭೨ರಲ್ಲಿ ತಿಳಿಸಿತು. ಈ ವಿವಾದದಲ್ಲಿ ಯಾರ ಪಕ್ಷ ಹಿಡಿದರೂ ಮೇಲಿನ ರೇಖಾಗಣಿತ ಬದಲಾಗುವುದಿಲ್ಲ. ಯಂತ್ರಶಾಸ್ತ್ರದ ತರಗತಿಯಲ್ಲಿ ಬಲಗಳ ವಿಭಜನೆಯನ್ನು ಕಲಿಸುವಾಗ ಕಪ್ಪುಹಲಗೆಯ ಮೇಲೆ ಎಳೆಯುವ ಒಂದು ಓರೆಗೆರೆಯ ಮೇಲೆ ಮನುಷ್ಯರ ಪ್ರಾಣ ನಿಂತಿರಬಹುದೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ದೊರೆಯುವುದು ಕಷ್ಟ.