ರೊಟ್ಟಿಯ ಹಿಟ್ಟು ಮತ್ತು ನೀಲಿ ಉರಿ

ಎಳ್ಳಮಾವಾಸ್ಯೆ ಸಮೀಪಿಸಿತೆಂದರೆ ಸೊಲ್ಲಾಪುರ, ಅಕ್ಕಲಕೋಟ ಭಾಗದ ನಮ್ಮ ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಸುಕಿನಲ್ಲಿಯೇ ಆರಂಭವಾಗುತ್ತದೆ. ಸಜ್ಜೆಯ ರೊಟ್ಟಿ, ಜೋಳದ ಕಡಕ ರೊಟ್ಟಿ, ಕಡುಬು, ಭಜ್ಜಿ, ಶೇಂಗಾ ಹೋಳಿಗೆ, ಹೀಗೆ ಹೊಲಕ್ಕೆ ಒಯ್ಯುವ ಬುತ್ತಿ ಸಿದ್ಧವಾಗುವವರೆಗೆ ಒಲೆಗೆ ಬಿಡುವಿಲ್ಲ. ಇಂಥ ದಿನಗಳಲ್ಲಿಯೇ ಅಡುಗೆಮನೆಯಿಂದ ಒಂದು ದೂರು ಕೇಳಿಬರುತ್ತದೆ: "ಗ್ಯಾಸ್ ಯಾಕೋ ನೆಟ್ಟಗ ಉರಿಯಾಕತ್ತಿಲ್ಲ, ಹಂಚಿನ ತಳ ಎಲ್ಲಾ ಕರ್ರಗಾಗೇತಿ." ತಪ್ಪು ಗ್ಯಾಸಿನದಾಗಿರುವುದು ಅಪರೂಪ. ಅನೇಕ ವೇಳೆ ಅದು ರೊಟ್ಟಿಯ ಹಿಟ್ಟಿನದಾಗಿರುತ್ತದೆ.

ಸೌದೆಯ ಒಲೆಯಲ್ಲಿ ಉದುರಿದ ಹಿಟ್ಟು, ಉಕ್ಕಿದ ಸಾರು ಎಲ್ಲವೂ ಬೂದಿಯಲ್ಲಿ ಬೂದಿಯಾಗುತ್ತಿದ್ದವು. ಗ್ಯಾಸ್ ಒಲೆಗೆ ಆ ಶಕ್ತಿಯಿಲ್ಲ. ರೊಟ್ಟಿಗೆ ಬಟ್ಟೆಯಿಂದ ನೀರು ಸವರುವಾಗ ತೊಟ್ಟಿಕ್ಕಿದ ಹನಿಯೂ, ರೊಟ್ಟಿಯನ್ನು ಉರಿಗೆ ಹಿಡಿದು ಉಬ್ಬಿಸುವಾಗ ಉದುರಿದ ಹಿಟ್ಟೂ ಕೂಡಿ ಬರ್ನರಿನ ರಂಧ್ರಗಳಲ್ಲಿ ಸುಟ್ಟು ಗಟ್ಟಿಯಾಗುತ್ತವೆ. ಗೋಧಿಯ ಚಪಾತಿಗಿಂತ ಹೆಚ್ಚು ಹಿಟ್ಟು ಬೇಡುವ ಜೋಳದ ರೊಟ್ಟಿಯ ನಾಡಿನಲ್ಲಿ ಈ ತೊಂದರೆ ಹೆಚ್ಚೆಂಬುದು ಸಹಜವೇ.

ಬರ್ನರಿನ ಕೆಲಸ ಸರಳವಾದುದು. ಸಣ್ಣ ಜೆಟ್ಟಿನಿಂದ ರಭಸವಾಗಿ ಹೊರಬರುವ ಗ್ಯಾಸು ಅಕ್ಕಪಕ್ಕದ ಗಾಳಿಯನ್ನು ತನ್ನೊಡನೆ ಒಳಗೆಳೆದುಕೊಳ್ಳುತ್ತದೆ. ಎರಡೂ ಬೆರೆತು ರಂಧ್ರಗಳ ಬಳಿ ಉರಿಯುತ್ತವೆ. ಗಾಳಿ ಸಾಕಷ್ಟಿದ್ದರೆ ಉರಿ ನೀಲಿ. ದಾರಿ ಕಟ್ಟಿ ಗಾಳಿ ಕಡಿಮೆಯಾದರೆ ಉರಿ ಹಳದಿ. ಉಪ್ಪುನೀರು ಉಕ್ಕಿದಾಗ ಕ್ಷಣಕಾಲ ಕಾಣುವ ಹಳದಿಗೆ ಅಂಜಬೇಕಿಲ್ಲ. ಆದರೆ ಹಳದಿ ಉರಿ ನಿಂತೇಬಿಟ್ಟರೆ ಪಾತ್ರೆಗೆ ಮಸಿ ಹತ್ತುತ್ತದೆ, ಗ್ಯಾಸು ವ್ಯರ್ಥವಾಗುತ್ತದೆ. ಅದಕ್ಕಿಂತ ದೊಡ್ಡ ಕೇಡೆಂದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಚಳಿಯೆಂದು ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ತಾಯಿಗೆ ತಲೆ ಸಿಡಿಯುತ್ತಿದ್ದರೆ ಅದನ್ನು ದಣಿವೆಂದು ತಳ್ಳಿಹಾಕಬಾರದು. ಒಲೆ ಆರಿಸಿ ಹೊರಗಿನ ಗಾಳಿಗೆ ಬರಬೇಕು.

ಶುಚಿಗೊಳಿಸುವ ಕ್ರಮ ಹೀಗೆ. ಮೊದಲು ರೆಗ್ಯುಲೇಟರ್ ಮುಚ್ಚಿ, ಒಲೆ ಪೂರ್ಣ ಆರುವವರೆಗೆ ಕಾಯಬೇಕು. ಬರ್ನರುಗಳನ್ನು ತೆಗೆದು ಸಾಬೂನು ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಬೇಕು. ಹಿತ್ತಾಳೆಯ ಬರ್ನರಿನ ಕಿಲುಬಿಗೆ ನಮ್ಮ ಹಿರಿಯರು ತಾಮ್ರದ ಕೊಡ ಬೆಳಗುತ್ತಿದ್ದ ಹುಣಸೆಹಣ್ಣೇ ಸಾಕು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಕಟ್ಟಿದ ರಂಧ್ರಗಳನ್ನು ಸೂಜಿಯಿಂದ ಒಂದೊಂದಾಗಿ ಬಿಡಿಸಿ, ತೊಳೆದು, ಚೆನ್ನಾಗಿ ಒಣಗಿಸಿಯೇ ಮರಳಿ ಕೂಡಿಸಬೇಕು. ಹಸಿಯಾಗಿಯೇ ಕೂಡಿಸಿದರೆ ಉರಿ ತಡವರಿಸುತ್ತದೆ.

ಕೆಲವನ್ನು ಮಾಡಲೇಬಾರದು. ಒಲೆಯ ಒಳಗಿರುವ ಜೆಟ್ಟಿಗೆ ತಂತಿ ತೂರಿಸಬಾರದು. ರಂಧ್ರ ದೊಡ್ಡದಾದರೆ ಉರಿ ಹದ ತಪ್ಪುತ್ತದೆ. ಆ ಕೆಲಸ ಬಲ್ಲ ಮೆಕ್ಯಾನಿಕನದು. ಅಲ್ಯೂಮಿನಿಯಂ ಭಾಗಗಳನ್ನು ಸೋಡಾ ನೀರಿನಲ್ಲಿ ಬಹಳ ಹೊತ್ತು ಇಡಬಾರದು. ಅವು ಕಪ್ಪಾಗಿ ಸವೆಯುತ್ತವೆ. ಗಾಜಿನ ಒಲೆ ಬಿಸಿಯಿರುವಾಗ ತಣ್ಣೀರು ಸುರಿದರೆ ಗಾಜು ಸಿಡಿಯಬಹುದು. ತಂತಿಯ ಜುಂಗಿನಿಂದ ತಿಕ್ಕಿದರೆ ಗೀರು ಬೀಳುತ್ತದೆ.

ಒಲೆಯಷ್ಟೇ ಅದರ ಪೈಪೂ ಮುಖ್ಯ. ತಂತಿಹೆಣಿಗೆಯ ಸುರಕ್ಷಾ ಪೈಪನ್ನೂ ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಬಿರುಕು ಕಂಡರೆ ಒಂದು ದಿನವೂ ಕಾಯಬಾರದು. ಸೋರಿಕೆಯ ಅನುಮಾನವಿದ್ದರೆ ಕಡ್ಡಿ ಗೀರಿ ನೋಡುವ ದುಸ್ಸಾಹಸ ಬೇಡ. ಸಾಬೂನಿನ ನೊರೆಯನ್ನು ಜೋಡಣೆಗಳಿಗೆ ಸವರಿದರೆ ಗುಳ್ಳೆಯೇಳುವುದೇ ಸಾಕ್ಷಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ; ಅದು ಮೇಲೇರದೆ ನೆಲದ ಮೇಲೆ ಹರಡಿ ಮೂಲೆಗಳಲ್ಲಿ ತಂಗುತ್ತದೆ. ಸ್ವತಃ ವಾಸನೆಯಿಲ್ಲದ ಅದಕ್ಕೆ ನಮ್ಮನ್ನು ಎಚ್ಚರಿಸಲೆಂದೇ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಆ ವಾಸನೆ ಬಂದೊಡನೆ ಉರಿಯುವ ಒಲೆ, ದೀಪ, ಊದುಬತ್ತಿಗಳನ್ನು ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಬೇಕು. ವಿದ್ಯುತ್ ಸ್ವಿಚ್ ಹಾಕಲೂ ಬಾರದು, ಆರಿಸಲೂ ಬಾರದು. ಸಣ್ಣ ಕಿಡಿಯೇ ಸಾಕು ಅನಾಹುತಕ್ಕೆ. ಮನೆಯಿಂದ ಹೊರಗೆ ಬಂದು 1906 ಸಂಖ್ಯೆಗೆ ಫೋನ್ ಮಾಡಬೇಕು.

2016ರ ಮೇ 1ರಂದು ಉಜ್ವಲಾ ಯೋಜನೆ ಆರಂಭವಾದ ಮೇಲೆ, ಹೊಗೆಯಲ್ಲಿಯೇ ಬಾಳು ಸವೆಸಿದ ಎಷ್ಟೋ ಅಜ್ಜಿಯಂದಿರ ಮುಂದೆ ಗ್ಯಾಸ್ ಒಲೆ ಬಂದು ಕುಳಿತಿತು. ಆದರೆ ಅದರೊಡನೆ ಬರುವ ಸೂಚನೆಗಳು ನಮ್ಮ ಭಾಗದಲ್ಲಿ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿರುವುದೇ ಹೆಚ್ಚು. ಕನ್ನಡವೊಂದನ್ನೇ ಬಲ್ಲ ಅಜ್ಜಿಗೆ ಅವು ಮೂಕ ಕಾಗದ. ಇಲ್ಲಿಯೇ ಕನ್ನಡ ಶಾಲೆಯ ಮಗುವಿನ ವಿದ್ಯೆಗೆ ಬೆಲೆ. ಶಾಲೆಯಲ್ಲಿ ಮರಾಠಿಯನ್ನೂ ಕಲಿಯುವ ಆ ಮಗು ಓದಿ, ಮನೆಯ ಮಾತಿನಲ್ಲಿ ತಿಳಿಸಿ ಹೇಳಬಲ್ಲದು.

ಹೊಸ ಸಿಲಿಂಡರ್ ಬಂದ ದಿನ ಮಕ್ಕಳಿಗೆ ಒಂದು ಕೆಲಸ ಕೊಡಿ. ಸಿಲಿಂಡರಿನ ಹಿಡಿಕೆಯ ಕೆಳಗಿನ ಪಟ್ಟಿಯ ಒಳಮೈಯಲ್ಲಿ ಒಂದು ಅಕ್ಷರವೂ ಎರಡಂಕಿಯೂ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ವರ್ಷವನ್ನು ಸೂಚಿಸುತ್ತದೆ. ಆ ಅವಧಿಯೊಳಗೆ ಸಿಲಿಂಡರ್ ಮರುಪರೀಕ್ಷೆಯಾಗಬೇಕು. ಅವಧಿ ಮುಗಿದಿದ್ದರೆ ಸಿಲಿಂಡರನ್ನು ಮರಳಿಸುವ ಹಕ್ಕು ನಿಮ್ಮದು. ಪೈಪು ಬದಲಿಸಿದ ದಿನಾಂಕವನ್ನೂ ಮಗು ಅಡುಗೆಮನೆಯ ಗೋಡೆಯ ಮೇಲೆ ಕನ್ನಡದಲ್ಲಿಯೇ ಬರೆದಿಡಲಿ. ಅಜ್ಜಿಗೆ ಓದಲು ಬಾರದಿದ್ದರೂ, ಆ ಬರಹ ಏನೆಂದು ಮೊಮ್ಮಗಳನ್ನು ಕೇಳಲು ಬರುತ್ತದೆ.